ಆಳುವ ವಿದ್ಯೆಗೊಂದು ಶಾಲೆ

ವೈದ್ಯನಾಗಲು ಕಾಲೇಜುಂಟು, ವಕೀಲನಾಗಲು ಕಾಲೇಜುಂಟು. ನಾಡನ್ನು ನಡೆಸುವವನಿಗೆ ಮಾತ್ರ ಯಾವ ಓದೂ ಬೇಕಿಲ್ಲವೆಂಬುದು ಬಹುಕಾಲದ ನಂಬಿಕೆ. ಇದನ್ನೊಪ್ಪದವರಲ್ಲೊಬ್ಬರು ಅಮೆರಿಕದ ಕೈಗವಸಿನ ವ್ಯಾಪಾರಿ ಲೂಷಿಯಸ್ ಲಿಟಾವರ್. ಅವರಿತ್ತ 20 ಲಕ್ಷ ಡಾಲರಿನಿಂದ 1936ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಡಳಿತ ಶಾಲೆಯೊಂದು ಹುಟ್ಟಿತು. 1966ರಲ್ಲಿ ಅದು ಕೆನೆಡಿಯವರ ಹೆಸರು ತಳೆಯಿತು. ಒಂದು ವರ್ಷದ ಪಾಠದಿಂದ ಮೊದಲಾದ ಆ ಶಾಲೆಯಲ್ಲಿ ಈಚಿನ ವರ್ಷಗಳಲ್ಲಿ ಓದುವವರು ಸುಮಾರು ಒಂದು ಸಾವಿರ. ಅರ್ಧಕ್ಕೂ ಮಿಕ್ಕಿ ಪರದೇಶದವರು.

ಅಲ್ಲಿ ಕಲಿಸುವುದೇನು? ಅಗ್ಗದ ಅಕ್ಕಿಯಿಂದ ಬೊಕ್ಕಸಕ್ಕೆಷ್ಟು ಹೊರೆ, ಆ ಅಕ್ಕಿ ಹಸಿದವನ ಮನೆಯನ್ನೇ ಮುಟ್ಟಿತೆ, ಇಂಥ ಲೆಕ್ಕ. ಕೇಳಲು ಸುಲಭ, ಅಲ್ಲವೆ?

ಲೈಬೀರಿಯದ ಎಲೆನ್ ಜಾನ್ಸನ್ ಸರ್ಲೀಫ್ ಹದಿನೇಳಕ್ಕೇ ಮದುವೆಯಾದವರು, ನಾಲ್ವರು ಗಂಡುಮಕ್ಕಳ ತಾಯಿ. 1971ರಲ್ಲಿ ಈ ಶಾಲೆಯ ಪದವಿ ಪಡೆದರು. ಸೈನಿಕ ಸರ್ಕಾರವನ್ನು ಟೀಕಿಸಿ 1985ರಲ್ಲಿ ಸೆರೆಮನೆ ಕಂಡರು. ಅಂತರ್ಯುದ್ಧದಲ್ಲಿ ನುಗ್ಗಾದ ದೇಶಕ್ಕೆ 2006ರಲ್ಲಿ ಅಧ್ಯಕ್ಷೆಯಾದರು. ಚುನಾವಣೆಯಲ್ಲಿ ಗೆದ್ದು ಆ ಪಟ್ಟಕ್ಕೇರಿದ ಆಫ್ರಿಕದ ಮೊದಲ ಮಹಿಳೆ ಅವರೇ. 2010ರಲ್ಲಿ ದೇಶದ 460 ಕೋಟಿ ಡಾಲರಿನಷ್ಟು ಸಾಲ ಮನ್ನಾ ಆಯಿತು. ಸಾಲಗಾರರೊಡನೆ ಕುಳಿತು ಮಾತಾಡಲು ಲೆಕ್ಕ ಬಲ್ಲವರೇ ಬೇಕಷ್ಟೆ! 2011ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯಲ್ಲೂ ಪಾಲು ದೊರೆಯಿತು.

ಮಕ್ಕಳಿಗೆ ದೊಡ್ಡ ಹುದ್ದೆ ಕೊಟ್ಟರೆಂಬ ದೂರೂ ಅವರ ಮೇಲಿದೆ. ಪುತ್ರವಾತ್ಸಲ್ಯಕ್ಕೆ ಮದ್ದನ್ನು ಯಾವ ಶಾಲೆಯೂ ಕಂಡುಹಿಡಿದಿಲ್ಲ. ಆದರೆ 2018ರಲ್ಲಿ ಅವಧಿ ಮುಗಿದಾಗ, ಜನರು ಆರಿಸಿದವರಿಗೆ ಅಧಿಕಾರವನ್ನು ಒಪ್ಪಿಸಿ ಮನೆಗೆ ನಡೆದರು. ಆ ದೇಶದಲ್ಲಿ 1944ರ ಬಳಿಕ ಹಾಗೆ ನಡೆದದ್ದು ಅದೇ ಮೊದಲು.