ಯಾರು ಕಳುಹಿಸಿದ ಜವಾನ?

ಕಂಪ್ಯೂಟರು ನಿಧಾನವಾಗಿದೆಯೆಂಬ ದೂರು ಇಂದು ಮನೆಮನೆಯ ಮಾತಾಗಿದೆ. ಗುಂಡಿಯನ್ನೊತ್ತಿದರೆ ತೆರೆಯ ಮೇಲಿನ ಚಕ್ರ ಸುತ್ತುತ್ತಲೇ ಇರುತ್ತದೆ. ಅಷ್ಟು ಹೊತ್ತು ಒಳಗೆ ನಡೆಯುತ್ತಿರುವುದಾದರೂ ಏನೆಂಬುದು, ಉಪಯೋಗಿಸುವವರ ಮಾತು ಹಾಗಿರಲಿ, ಎಷ್ಟೋ ವೇಳೆ ಆ ತಂತ್ರಾಂಶವನ್ನು ಬರೆದವರಿಗೇ ತಿಳಿದಿರುವುದಿಲ್ಲ. ಅವರು ಊಹಿಸುವ ಜಾಗ ಒಂದು, ಕಾಲ ಸೋರಿಹೋಗುವ ಜಾಗ ಇನ್ನೊಂದು. ಈ ಸೋರಿಕೆಯ ಲೆಕ್ಕವನ್ನಿಡಲೆಂದೇ ಹುಟ್ಟಿದ ಉಪಕರಣಗಳಿಗೆ ಪ್ರೊಫೈಲರ್ ಎಂದು ಹೆಸರು.

ಲಿನಕ್ಸ್ ಕಾರ್ಯವ್ಯವಸ್ಥೆಯೊಡನೆ 2009ರಿಂದ ಬೆಳೆದುಬಂದಿರುವ ‘ಪರ್ಫ್’ ಅಂಥದೊಂದು ಉಪಕರಣ. ಅದರ ಕಾರ್ಯಕ್ರಮ ಸರಳವಾದುದು. ಬೇರೆ ಆಜ್ಞೆಯಿಲ್ಲದಿದ್ದರೆ ಸೆಕೆಂಡಿಗೆ 4000 ಬಾರಿ ಅದು ಪ್ರೊಸೆಸರನ್ನು ತಡೆದು, ‘ಈ ಕ್ಷಣದಲ್ಲಿ ನೀನು ಮಾಡುತ್ತಿರುವುದೇನು?’ ಎಂದು ಕೇಳಿ, ಬಂದ ಉತ್ತರವನ್ನು ಬರೆದುಕೊಂಡು ಮುಂದಕ್ಕೆ ಬಿಡುತ್ತದೆ. ನೂರರಲ್ಲಿ ನಲವತ್ತು ಸಲ ಒಂದೇ ಉತ್ತರ ಬಂದರೆ, ಸುಮಾರು ನೂರಕ್ಕೆ ನಲವತ್ತರಷ್ಟು ಕಾಲ ಅಲ್ಲಿಯೇ ವ್ಯಯವಾಗುತ್ತಿದೆಯೆಂದು ಅರ್ಥ.

ಆದರೆ ಆ ಉತ್ತರವೊಂದೇ ಸಾಲದು. ದೊಡ್ಡದೊಂದು ಕಚೇರಿಯ ಪಡಸಾಲೆಯನ್ನು ವಾಚಕರು ನೆನೆದುಕೊಳ್ಳಬೇಕು. ಇಣುಕಿದಾಗಲೆಲ್ಲ ಅದೇ ಜವಾನ ಕಡತಗಳನ್ನು ಹೊತ್ತು ಓಡಾಡುತ್ತಿರುತ್ತಾನೆ. ಅವನನ್ನು ಗದರಿಸಿ ಫಲವೇನು? ಅವನನ್ನು ಓಡಾಡಿಸುತ್ತಿರುವವರು ಲೆಕ್ಕದ ಗುಮಾಸ್ತರೋ, ಮಹಡಿಯ ಮೇಲಿನ ಸಾಹೇಬರೋ ಎಂಬುದು ತಿಳಿಯಬೇಕು. ತಂತ್ರಾಂಶದಲ್ಲಿಯೂ ಹಾಗೆಯೇ. ಮಾಹಿತಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವ ಚಿಕ್ಕ ವಿಭಾಗವೊಂದು ಸದಾ ದುಡಿಯುತ್ತಿರುತ್ತದೆ. ಅದನ್ನು ಕರೆದವರು ಯಾರು, ಆ ಕರೆದವರನ್ನು ಕರೆದವರು ಯಾರು ಎಂದು ಸರಪಣಿಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋದಾಗಲೇ ಗುಟ್ಟು ಹೊರಬೀಳುವುದು.

ಈ ಉಪಕರಣವನ್ನು ಜನರ ಕೈಗೆ ಮುಟ್ಟಿಸುವವರು ಲಿನಕ್ಸ್ ವಿತರಣೆಗಳವರು. ಡೆಬಿಯನ್, ಫೆಡೋರಾ, ಉಬುಂಟು ಮೊದಲಾದ ವಿತರಣೆಗಳು ಸಾವಿರಾರು ತಂತ್ರಾಂಶಗಳ ಮೂಲಬರಹವನ್ನು ತಂದು, ಕಂಪೈಲರಿನ ಮೂಲಕ ಯಂತ್ರಭಾಷೆಗೆ ಇಳಿಸಿ, ಒಂದಕ್ಕೊಂದು ಹೊಂದುವಂತೆ ಪೊಟ್ಟಣ ಕಟ್ಟಿ ಹಂಚುತ್ತವೆ. ಇದು ದಿನಸಿ ಅಂಗಡಿಯಲ್ಲಿ ಬೇಳೆ ಕಟ್ಟಿಕೊಡುವಷ್ಟು ಸುಲಭವೆಂದು ಭಾವಿಸಬಾರದು. ಪರ್ಫಿನ ಮೂಲಬರಹ ಲಿನಕ್ಸ್ ಕರ್ನಲ್ಲಿನ ಭಂಡಾರದೊಳಗೇ ಇರುವುದರಿಂದ, ಕರ್ನಲ್ಲಿನ ಹೊಸ ಆವೃತ್ತಿಯೊಡನೆ ಇದಕ್ಕೂ ಹೊಸ ಪೊಟ್ಟಣ ಸಿದ್ಧವಾಗಬೇಕು. ಕಾನೂನಿನ ತೊಡಕು ಬೇರೆ. ಪರ್ಫ್ ಇರುವುದು ಜಿ.ಪಿ.ಎಲ್. ಪರವಾನಗಿಯ 2ನೆಯ ಆವೃತ್ತಿಯಲ್ಲಿ. ಯಂತ್ರಭಾಷೆಯ ಒಂದು ವಿಳಾಸ ಮೂಲಬರಹದ ಯಾವ ಸಾಲಿಗೆ ಸೇರಿದುದೆಂದು ಹೇಳಬಲ್ಲ ‘ಲಿಬ್‌ಬಿಎಫ್‌ಡಿ’ ಇರುವುದು 3ನೆಯದರಲ್ಲಿ. ಎರಡೂ ಉದಾರವಾದ ಪರವಾನಗಿಗಳೇ ಸರಿ. ಆದರೆ ಎರಡನ್ನೂ ಬೆಸೆದು ಹಂಚಲು ಅವುಗಳ ಷರತ್ತುಗಳು ಸಮ್ಮತಿಸವು. ತನ್ನ ಮನೆಯೊಳಗೆ ಬೆಸೆದುಕೊಂಡವನಿಗೆ ಅಡ್ಡಿಯಿಲ್ಲ, ನೆರೆಮನೆಗೆ ಕೊಟ್ಟರೆ ಷರತ್ತಿನ ಭಂಗ! 2023ರಲ್ಲಿ ಪರ್ಫಿನ ಕರ್ತೃಗಳು ಈ ಬೆಸುಗೆಯನ್ನು ಬೇಕಾದವರು ಮಾತ್ರ ಮಾಡಿಕೊಳ್ಳುವಂತೆ ಏರ್ಪಡಿಸಿ, ಅದಕ್ಕೆ ‘ವಿತರಣೆಗಲ್ಲ’ ಎಂಬರ್ಥ ಬರುವ ಹೆಸರನ್ನೇ ಇಟ್ಟುಬಿಟ್ಟರು.

ಇವೆಲ್ಲ ಒಂದು ಪೊಟ್ಟಣದೊಳಗಿನ ತಾಪತ್ರಯಗಳು. ನಿಜವಾದ ತೊಡಕು ಅದರ ಹೊರಗಿತ್ತು. ಪರ್ಫನ್ನು ಎಷ್ಟೇ ಚೆನ್ನಾಗಿ ಕಟ್ಟಿಕೊಟ್ಟರೂ, ಅದು ಉಳಿದ ತಂತ್ರಾಂಶಗಳೊಳಗೆ ಇಣುಕಿದಾಗ ಕರೆದವರ ಸರಪಣಿ ಒಂದೆರಡು ಕೊಂಡಿಗಳಿಗೇ ತುಂಡಾಗುತ್ತಿತ್ತು.

ಇದರ ಮೂಲ ಹಳೆಯದು. ಇಂಟೆಲ್ಲಿನ 32 ಬಿಟ್ ಪ್ರೊಸೆಸರುಗಳಿಗೆ ಸಾಮಾನ್ಯ ಕೆಲಸಕ್ಕೆ ಒದಗುವ ರಿಜಿಸ್ಟರುಗಳು, ಕೈಗಳೆನ್ನೋಣ, ಎಂಟೇ. ಅವುಗಳಲ್ಲಿ ಒಂದು ಕೈ, ಕರೆದವರ ಗುರುತು ಹಚ್ಚಲು ನೆರವಾಗುವ ಚೀಟಿಯನ್ನು ಸದಾ ಹಿಡಿದುಕೊಂಡಿರುತ್ತಿತ್ತು. ಇದೇ ಫ್ರೇಮ್ ಪಾಯಿಂಟರ್. ಎಂಟರಲ್ಲಿ ಒಂದು ಕೈ ಚೀಟಿ ಹಿಡಿಯುವುದಕ್ಕೇ ಮೀಸಲಾದರೆ ನಷ್ಟವಲ್ಲವೆ? ಕಂಪೈಲರುಗಳು ಚೀಟಿಯನ್ನು ಬಿಸುಟು ಆ ಕೈಯನ್ನೂ ದುಡಿಮೆಗೆ ಹಚ್ಚಿದವು. ಅನಂತರ 64 ಬಿಟ್ ಪ್ರೊಸೆಸರುಗಳು ಬಂದು ಕೈಗಳು ಹದಿನಾರಾದವು. ಬಡತನದಲ್ಲಿ ಕಲಿತ ಜಿಪುಣತನ ಮಾತ್ರ ಹೋಗಲಿಲ್ಲ.

ಚೀಟಿಯಿಲ್ಲದೆಯೂ ಸರಪಣಿಯನ್ನು ಪತ್ತೆ ಹಚ್ಚಬಹುದು. ಪ್ರತಿಯೊಂದು ತಡೆಯಲ್ಲಿಯೂ ಸ್ಮೃತಿಕೋಶದ 8 ಕಿಲೋಬೈಟಿನಷ್ಟು ಭಾಗವನ್ನು ನಕಲು ಮಾಡಿಟ್ಟುಕೊಂಡು ಆಮೇಲೆ ಬಿಡಿಸಿ ನೋಡಬೇಕು. ಸೆಕೆಂಡಿಗೆ 4000 ಬಾರಿಯೆಂದರೆ ಸೆಕೆಂಡೊಂದಕ್ಕೆ 32 ಮೆಗಾಬೈಟು! ಜವಾನನನ್ನು ಕಳುಹಿಸಿದವರು ಯಾರೆಂದು ತಿಳಿಯಲು ಪ್ರತಿ ಸಲವೂ ಕಚೇರಿಯ ಕಡತಗಳನ್ನೆಲ್ಲ ನಕಲೆತ್ತಿದಂತಾಯಿತು.

ಆದುದರಿಂದ ಚೀಟಿಯನ್ನೇ ಮರಳಿ ತರಬೇಕೆಂಬ ಸಲಹೆ 2022ರಲ್ಲಿ ಫೆಡೋರಾದ ಮುಂದೆ ಬಂದಿತು. ಹಾಗೆ ಮಾಡಬೇಕಾದರೆ ಒಂದು ಪೊಟ್ಟಣವಲ್ಲ, ಇಡೀ ವಿತರಣೆಯನ್ನೇ ಹೊಸ ಕ್ರಮದಲ್ಲಿ ಕಂಪೈಲ್ ಮಾಡಬೇಕು. ಅದರ ಬೆಲೆಯನ್ನು ಸಲಹೆಗಾರರೇ ಅಳೆದು ಮುಂದಿಟ್ಟರು: ಕರ್ನಲ್ಲನ್ನು ಕಂಪೈಲ್ ಮಾಡುವ ಕೆಲಸ ಶೇಕಡ 2.4ರಷ್ಟು ನಿಧಾನ, ಬ್ಲೆಂಡರಿನ ಚಿತ್ರರಚನೆ ಶೇಕಡ 2ರಷ್ಟು ನಿಧಾನ, ಪೈಥಾನಿನ ಕೆಲವು ಪರೀಕ್ಷೆಗಳಲ್ಲಿ ಶೇಕಡ 10ರವರೆಗೆ.

ವಾದ ಬಿಸಿಯೇರಿತು. ಉಪಕರಣವನ್ನು ಬಳಸುವವರು ಬೆರಳೆಣಿಕೆಯ ತಂತ್ರಜ್ಞರು. ಅವರ ಅನುಕೂಲಕ್ಕಾಗಿ, ಮನೆಯಲ್ಲಿ ಕುಳಿತು ಪತ್ರ ಬರೆಯುವವರೂ ಲೆಕ್ಕವಿಡುವವರೂ ತಮ್ಮ ಯಂತ್ರದ ವೇಗದಲ್ಲಿ ಪಾಲು ತೆರಬೇಕೆ ಎಂದು ಕಂಪೈಲರುಗಳನ್ನು ಕಟ್ಟುವವರು ಕೇಳಿದರು. ತಳ್ಳಿಹಾಕುವಂಥ ಮಾತಲ್ಲ ಇದು. ಕೇಳದೆಯೇ ವಸೂಲಾಗುವ ತೆರಿಗೆ ಸಣ್ಣದಾದರೂ ತೆರಿಗೆಯೇ. ಆದರೆ ಎದುರು ಪಕ್ಷದ ಉತ್ತರಕ್ಕೆ ತೂಕ ಹೆಚ್ಚು. ಸೋರುವ ಜಾಗ ಕಾಣದೆ ಹೋದರೆ ಶೇಕಡ 2 ಅಲ್ಲ, 20 ಸೋರಿದರೂ ತಿಳಿಯುವ ಬಗೆಯಿಲ್ಲ. ಕಂಡು ಮುಚ್ಚಿದ ಒಂದೊಂದು ತೂತಿನ ಲಾಭವೂ ಅದೇ ಪತ್ರ ಬರೆಯುವವರಿಗೆ ಸಲ್ಲುತ್ತದೆ. ವೇಗದ ಒಂದೊಂದು ಕಾಸನ್ನೂ ಎಣಿಸುವ ಮೆಟಾ, ನೆಟ್‌ಫ್ಲಿಕ್ಸ್‌ಗಳಂಥ ಸಂಸ್ಥೆಗಳು ತಮ್ಮ ಯಂತ್ರಗಳಲ್ಲಿ ಚೀಟಿಯನ್ನು ಉಳಿಸಿಕೊಂಡೇ ಇದ್ದುವೆಂಬುದು ಗಮನಾರ್ಹ.

ಫೆಡೋರಾದ ಇಂಜಿನಿಯರಿಂಗ್ ಸಮಿತಿ ಮೊದಲು ಸಲಹೆಯನ್ನು ನಿರಾಕರಿಸಿತು. 2023ರ ಜನವರಿಯಲ್ಲಿ ಮತ್ತೆ ಮತಕ್ಕೆ ಹಾಕಿ ಅಂಗೀಕರಿಸಿತು. ಮರುಮತದ ಸುದ್ದಿ ಸಕಾಲದಲ್ಲಿ ತಮಗೆ ಮುಟ್ಟಲಿಲ್ಲವೆಂದು ವಿರೋಧಿಗಳು ಮುನಿದುದೂ ಉಂಟು. ಪೈಥಾನಿಗೆ ವಿನಾಯಿತಿ ದೊರೆಯಿತು. ಅದೇ ಏಪ್ರಿಲ್‌ನಲ್ಲಿ ಹೊರಬಂದ ಫೆಡೋರಾ 38ರಲ್ಲಿ ಚೀಟಿ ಮರಳಿ ಕೈಗೆ ಬಂದಿತು. ಮರುವರ್ಷದ ಏಪ್ರಿಲ್‌ನಲ್ಲಿ ಉಬುಂಟು 24.04 ಕೂಡ 64 ಬಿಟ್ ಯಂತ್ರಗಳಿಗೆ ಅದೇ ದಾರಿಯನ್ನು ಹಿಡಿಯಿತು.

ಈ ನಡುವೆ ಮೂರನೆಯದೊಂದು ಉಪಾಯವೂ ತಲೆಯೆತ್ತಿದೆ. ಫೆಡೋರಾದಲ್ಲಿ ಮತ ಬಿದ್ದ ಆ ಜನವರಿಯಲ್ಲಿಯೇ ಹೊರಬಂದ ಬಿನ್‌ಯುಟಿಲ್ಸ್ 2.40ರಲ್ಲಿ ‘ಎಸ್‌ಫ್ರೇಮ್’ ಎಂಬ ಹೊಸ ವಿನ್ಯಾಸವಿತ್ತು. ಚೀಟಿಯನ್ನು ಕೈಯಲ್ಲಿ ಹಿಡಿಯುವ ಬದಲು, ಸರಪಣಿಯನ್ನು ಬಿಡಿಸುವ ಕ್ರಮವನ್ನು ಪುಟ್ಟದೊಂದು ಪಟ್ಟಿಯಾಗಿ ತಂತ್ರಾಂಶದ ಮಗ್ಗುಲಲ್ಲಿಯೇ ಇರಿಸುವುದು ಇದರ ರೀತಿ. ಅದು ಎಲ್ಲೆಡೆ ನೆಲೆಗೊಂಡರೆ ಹದಿನಾರನೆಯ ಕೈಗೆ ಮತ್ತೆ ಬಿಡುವು. ಪೊಟ್ಟಣ ಕಟ್ಟುವವರಿಗೆ ಮಾತ್ರ ಇಡೀ ವಿತರಣೆಯನ್ನು ಇನ್ನೊಮ್ಮೆ ಕಂಪೈಲ್ ಮಾಡುವ ಕೆಲಸ.