ಕುಂದುರ್ ಇರಲಿ, ಕೀಮೋ ನಿಲ್ಲದಿರಲಿ

ಆರ್.ಟಿ. ನಗರದ ನನ್ನ ದವಾಖಾನೆಗೆ ಬರುವ ಕ್ಯಾನ್ಸರ್ ರೋಗಿಗಳ ಮನೆಯವರು ಕೇಳುತ್ತಾರೆ: "ಹಕೀಮ್ ಸಾಹೇಬ್ರೇ, ಕೀಮೋ ಬಿಟ್ಟು ಕುಂದುರ್ ಕೊಡಬಹುದಾ?" ಯುನಾನಿ ಓದಿದ ನನ್ನ ಉತ್ತರ: ಬೇಡ.

ಕುಂದುರ್, ಗುಗ್ಗುಳದಂತಹ ಗಿಡಮರಗಳ ಅಂಟುಗಳನ್ನು ನಮ್ಮ ಪದ್ಧತಿಯಲ್ಲಿ ಬಾವು ಇಳಿಸಲು ಬಳಸುತ್ತೇವೆ. ಅವುಗಳ ಸತ್ವ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಡೆದದ್ದೂ ನಿಜ. 2011ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ಮಿದುಳಿನ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 44 ಮಂದಿಯ ಪೈಕಿ ಕುಂದುರ್ ಜಾತಿಯ ಅಂಟನ್ನು ಸೇವಿಸಿದವರಲ್ಲಿ ಮಿದುಳಿನ ಊತ ಹೆಚ್ಚು ಇಳಿಯಿತು. ಇಳಿದದ್ದು ಊತ, ವಾಸಿಯಾದದ್ದು ಕ್ಯಾನ್ಸರ್ ಅಲ್ಲ. ಕೊಟ್ಟದ್ದೂ ವಿಕಿರಣದ ಜೊತೆಗೆ, ಬದಲಿಗಲ್ಲ.

ಗುಗ್ಗುಳ ಕೆಲವು ಔಷಧಿಗಳ ಪರಿಣಾಮವನ್ನು ಕುಗ್ಗಿಸಬಲ್ಲದು. ಏನು ಸೇವಿಸಿದರೂ ಕ್ಯಾನ್ಸರ್ ವೈದ್ಯರಿಗೆ ಮುಚ್ಚಿಡಬೇಡಿ. ಸಂಶೋಧನೆ ನಡೆಯಲಿ; ಅಲ್ಲಿಯವರೆಗೆ ಕಿದ್ವಾಯಿ ಆಸ್ಪತ್ರೆ ಕೊಟ್ಟ ತಾರೀಖು ತಪ್ಪಿಸಬೇಡಿ.