ಮಲಗುವ ಕೋಣೆಗೆ ಕಾವು ಬೇಕು, ಕೆಂಡ ಬೇಡ

ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ ಮುಗಿಯಿತೆಂದರೆ ಬಸವನಗುಡಿಯ ಹಿರಿಯರು ಪೆಟ್ಟಿಗೆಯಿಂದ ಶಾಲು ತೆಗೆಯುತ್ತಾರೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಚಳಿಯು ನೆಲದಿಂದಲೇ ಮೇಲೇಳುತ್ತದೆ. ನಸುಕಿನಲ್ಲಿ ಮಿಂದು, ಕೆಂಪು ಕಾವಿಯ ನೆಲದ ಮೇಲೆ ಆಸನ ಹಾಸಿ ಇಷ್ಟಲಿಂಗ ಪೂಜೆಗೆ ಕುಳಿತುಕೊಳ್ಳುವ ಎಪ್ಪತ್ತು ಎಂಬತ್ತರ ವಯಸ್ಸಿನವರಿಗೆ ಅದರ ಅನುಭವ ಚೆನ್ನಾಗಿಯೇ ಇದೆ. ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿರುವ ಈ ಊರಿನಲ್ಲಿ ೧೮೮೪ರ ಜನವರಿ ೧೩ರಂದು ಉಷ್ಣಾಂಶ ೭.೮ ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಈಗಿನ ಜನವರಿಯ ರಾತ್ರಿಗಳು ಸಾಮಾನ್ಯವಾಗಿ ೧೫ ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಹರೆಯದವರಿಗೆ ಇದು ಹಿತವಾದ ಹವೆ. ಆದರೆ ಮನೆಯಲ್ಲಿ ಎಲ್ಲರೂ ಹರೆಯದವರಲ್ಲ.

ಚಳಿಗಾಲ ಬಂದಾಗಲೆಲ್ಲ ಭಕ್ತರು ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ: ಮಲಗುವ ಕೋಣೆಗೆ ಯಾವ ಹೀಟರ್ ತರಬೇಕು? ಸದ್ದಿಲ್ಲದ್ದು ಯಾವುದು, ಅಪಾಯವಿಲ್ಲದ್ದು ಯಾವುದು? ಇದಕ್ಕೆ ಉತ್ತರ ಕೊಡುವ ಮೊದಲು ಇನ್ನೊಂದು ಮಾತನ್ನು ಹೇಳಲೇಬೇಕಾಗಿದೆ. ನಮ್ಮ ಮನೆಗಳಲ್ಲಿ ಚಳಿಗಿಂತಲೂ ಹೆಚ್ಚು ಅಪಾಯಕಾರಿಯಾದದ್ದು ಚಳಿ ಕಳೆಯಲೆಂದು ನಾವೇ ಒಳಗೆ ತಂದಿಡುವ ಕೆಂಡ.

ಬಾಣಂತಿಯ ಕೋಣೆಯನ್ನು ನೆನೆಯಿರಿ. ಕಿಟಕಿ ಮುಚ್ಚಿರುತ್ತದೆ, ಬಾಗಿಲಿಗೆ ಪರದೆ ಬಿದ್ದಿರುತ್ತದೆ, ತಾಯಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಂಚದ ಕೆಳಗೆ ಅಥವಾ ಪಕ್ಕದಲ್ಲಿ ಅಗ್ಗಿಷ್ಟಿಕೆ, ಅದರಲ್ಲಿ ಇದ್ದಿಲ ಕೆಂಡ, ಮೇಲೆ ಸಾಂಬ್ರಾಣಿ. ಈ ಏರ್ಪಾಡಿನ ಹಿಂದಿರುವ ಮಮತೆಯನ್ನು ನಾವು ಗೌರವಿಸುತ್ತೇವೆ. ಹೆತ್ತ ತಾಯಿಗೂ ಹಸುಳೆಗೂ ಕಾವು ಬೇಕೆಂಬ ಹಿರಿಯರ ತಿಳಿವಳಿಕೆ ಸರಿಯಾದದ್ದೇ. ನವಜಾತ ಶಿಶುವಿನ ಮೈ ೩೬.೫ರಿಂದ ೩೭.೫ ಡಿಗ್ರಿಯೊಳಗೆ ಇರಬೇಕೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ತಪ್ಪಿರುವುದು ಕಾವು ಕೊಡುವ ಉದ್ದೇಶದಲ್ಲಲ್ಲ, ಅದಕ್ಕೆ ಆರಿಸಿಕೊಂಡ ಸಾಧನದಲ್ಲಿ.

ಇದ್ದಿಲು ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ನೆತ್ತರಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅದನ್ನು ಅಂಟಿಸಿಕೊಳ್ಳುತ್ತದೆ. ಉಸಿರು ನಡೆಯುತ್ತಲೇ ಇರುತ್ತದೆ, ಆದರೆ ಆಮ್ಲಜನಕ ಅಂಗಾಂಗಗಳನ್ನು ತಲುಪುವುದಿಲ್ಲ. ಹೊಗೆಯಾಡದ, ಚೆನ್ನಾಗಿ ಹೊತ್ತಿದ ಕೆಂಡ ನಿರಪಾಯಕರವೆಂಬುದು ಬಹುಜನರ ನಂಬಿಕೆ. ಈ ಅನಿಲ ಹೊರಬರುವುದು ಅಂಥ ಕೆಂಡದಿಂದಲೂ ಹೌದು. ಮಲಗಿದವರು ಎಚ್ಚರಗೊಳ್ಳುವುದಿಲ್ಲ, ಏಕೆಂದರೆ ಎಚ್ಚರಿಸಬೇಕಾದ ಮಿದುಳೇ ಮೊದಲು ಮಂಕಾಗುತ್ತದೆ.

“ನಮ್ಮಜ್ಜಿ ಏಳು ಹೆತ್ತರು, ಏಳೂ ಬಾಣಂತನ ಕೆಂಡದ ಪಕ್ಕದಲ್ಲೇ ಆಯಿತು, ಏನೂ ಆಗಲಿಲ್ಲವಲ್ಲ?” ಎಂದು ಹಿರಿಯ ತಾಯಂದಿರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವಿರುವುದು ಮನೆಯ ಗೋಡೆಯಲ್ಲಿ. ಚಾಮರಾಜಪೇಟೆ ರೂಪುಗೊಂಡದ್ದು ೧೮೯೨ರಲ್ಲಿ. ೧೮೯೮ರ ಪ್ಲೇಗಿನ ದಿನಗಳಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೇ ಗಾಳಿ ಬೆಳಕುಗಳ ಬಡಾವಣೆಗಳಾಗಿ. ಅಲ್ಲಿನ ಮನೆಗಳಿಗೆ ಮಂಗಳೂರು ಹೆಂಚಿನ ಸಂದುಗಳಿದ್ದವು, ಸೂರಿನಡಿಯಲ್ಲಿ ಗವಾಕ್ಷಿಗಳಿದ್ದವು, ಮರದ ಬಾಗಿಲುಗಳ ಕೆಳಗೆ ಬೆರಳು ತೂರುವಷ್ಟು ಬಿರುಕಿತ್ತು. ಅಜ್ಜಿಯ ಕೆಂಡದ ವಿಷವೆಲ್ಲ ಆ ದಾರಿಯಲ್ಲಿ ಹೊರಟುಹೋಗುತ್ತಿತ್ತು. ಇಂದು ಅದೇ ನಿವೇಶನದಲ್ಲಿ ಕಾಂಕ್ರೀಟಿನ ಸೂರು, ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಕಿಟಕಿ, ಗಾಳಿಯೂ ನುಸುಳದ ಬಾಗಿಲು ಬಂದಿವೆ. ಹಳೆಯ ಮನೆಯನ್ನು ಉಳಿಸಿಕೊಂಡವರೂ ಸೊಳ್ಳೆಗೆಂದು, ಧೂಳಿಗೆಂದು ಗವಾಕ್ಷಿ ಮುಚ್ಚಿಸಿದ್ದಾರೆ. ಮನೆ ಬದಲಾಯಿತು, ಕೆಂಡ ಬದಲಾಗಲಿಲ್ಲ. ಅಜ್ಜಿಯ ಕಾಲದಲ್ಲಿ ಪೊರೆದ ಪದ್ಧತಿಯೇ ಮೊಮ್ಮಗಳ ಕಾಲದಲ್ಲಿ ಪ್ರಾಣಕ್ಕೆ ಎರವಾಗಬಹುದು.

ಅನಿಲದ ಹೀಟರುಗಳಿಗೂ ಇದೇ ಮಾತು ಸಲ್ಲುತ್ತದೆ. ೨೦೨೦ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ವಸತಿಗೃಹದ ಕೋಣೆಯನ್ನು ಮುಚ್ಚಿಕೊಂಡು, ಗ್ಯಾಸ್ ಹೀಟರ್ ಉರಿಸಿ ಮಲಗಿದ್ದ ಕೇರಳದ ಎಂಟು ಮಂದಿ ಬೆಳಗಿಗೆ ಬದುಕುಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ನಮ್ಮ ನಾಡಿನ ಸ್ನಾನಗೃಹಗಳಲ್ಲಿ ಗ್ಯಾಸ್ ಗೀಸರಿನಿಂದ ಸಂಭವಿಸಿದ ಸಾವಿನ ಸುದ್ದಿಗಳನ್ನೂ ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಮಲಗುವ ಕೋಣೆಯೊಳಗೆ ಇದ್ದಿಲು, ಸೌದೆ, ಸೀಮೆಎಣ್ಣೆ, ಅನಿಲ, ಇವುಗಳಲ್ಲಿ ಯಾವುದೂ ಉರಿಯಕೂಡದು. ಸಾಂಬ್ರಾಣಿ ಹಾಕಲೇಬೇಕೆನ್ನುವವರು ತಾಯಿ ಮಗು ಬೇರೆ ಕೋಣೆಯಲ್ಲಿರುವಾಗ ಕಿಟಕಿ ತೆರೆದು ಹಾಕಲಿ. ಅವರು ಮರಳುವ ಮೊದಲೇ ಕೆಂಡ ಅಂಗಳಕ್ಕೆ ಹೋಗಲಿ.

ಇನ್ನು ವಿದ್ಯುತ್ ಹೀಟರಿನ ವಿಚಾರ. ಇಲ್ಲಿಯೂ ಮೊದಲ ಪ್ರಶ್ನೆ, ಬೇಕೋ ಬೇಡವೋ ಎಂಬುದು. ನಮ್ಮ ಊರಿನಲ್ಲಿ ಬಹುಪಾಲು ಮನೆಗಳಿಗೆ ಅದರ ಅಗತ್ಯವಿಲ್ಲವೆಂದೇ ನಾವು ಭಾವಿಸುತ್ತೇವೆ. ಕೋಣೆಯನ್ನು ಕಾಯಿಸುವ ಮೊದಲು ಮೈಯನ್ನು ಕಾಯಿಸಿಕೊಳ್ಳಬೇಕು. ಚಳ್ಳಕೆರೆಯ ಕಂಬಳಿಯೊಂದನ್ನು ಹಾಸಿಗೆಯ ಕೆಳಗೆ ಹಾಸಿ, ಮೇಲೊಂದು ಕೌದಿ ಹೊದ್ದರೆ ನೆಲದ ತಣ್ಣಸವೂ ತಡೆಯುತ್ತದೆ, ಮೈಯ ಕಾವೂ ಉಳಿಯುತ್ತದೆ. ಕಾಲಿಗೆ ಉಣ್ಣೆಯ ಚೀಲ, ತಲೆಗೆ ಟೋಪಿ, ಮಲಗುವ ಮುನ್ನ ಬಿಸಿ ಹಾಲು, ಇವು ಬಡವರಿಗೂ ಎಟಕುವ ಉಪಾಯಗಳು. ಹಸುಳೆಗಂತೂ ತಾಯಿಯ ಎದೆಗಿಂತ ಉತ್ತಮವಾದ ಹೀಟರಿಲ್ಲ. ಮಗುವನ್ನು ತಾಯಿಯ ಮೈಗೆ ಮೈ ತಾಗುವಂತೆ ಇಟ್ಟುಕೊಳ್ಳುವ ಕ್ರಮವನ್ನು ಆಸ್ಪತ್ರೆಗಳು ಈಗ ಕಾಂಗರೂ ಆರೈಕೆ ಎಂಬ ಹೆಸರಿನಲ್ಲಿ ಕಲಿಸುತ್ತಿವೆ.

ಆದರೆ ಕೆಲವರಿಗೆ ಕಂಬಳಿ ಸಾಲದು. ವಯಸ್ಸಾದವರ ಮೈಗೆ ನಡುಗಿ ಕಾವು ಹುಟ್ಟಿಸುವ ಶಕ್ತಿ ಕುಂದಿರುತ್ತದೆ. ಚಳಿಗೆ ರಕ್ತನಾಳಗಳು ಕುಗ್ಗಿ ರಕ್ತದೊತ್ತಡ ಏರುತ್ತದೆ; ರಾತ್ರಿ ಎರಡು ಮೂರು ಬಾರಿ ಬಚ್ಚಲಿಗೆ ಏಳುವ ಹೃದ್ರೋಗಿಗೆ ಇದು ಸಣ್ಣ ವಿಷಯವಲ್ಲ. ಮನೆಯ ಒಳಗಿನ ಉಷ್ಣಾಂಶ ೧೮ ಡಿಗ್ರಿಗಿಂತ ಕೆಳಗಿಳಿಯದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರ ತನ್ನ ಮಾರ್ಗಸೂಚಿಯಲ್ಲಿ ಶೀತ ಹವೆಯ ನಾಡುಗಳಿಗೆ ಹೇಳಿದೆ. ಗೋಡೆಗೊಂದು ಉಷ್ಣಮಾಪಕ ತೂಗುಹಾಕಿ ಒಂದು ವಾರ ನೋಡಿರಿ. ನಸುಕಿನಲ್ಲಿ ಅದು ೧೮ಕ್ಕಿಂತ ಕೆಳಗಿಳಿಯುತ್ತಿದ್ದು, ಕೋಣೆಯಲ್ಲಿ ವೃದ್ಧರೋ ರೋಗಿಗಳೋ ಇದ್ದರೆ ಹೀಟರ್ ತರುವುದು ವಿಲಾಸವಲ್ಲ.

ಯಾವುದನ್ನು ತರಬೇಕು? ಕೆಂಪಗೆ ಬೆಳಗುವ ಹ್ಯಾಲೋಜನ್ ಅಥವಾ ಕ್ವಾರ್ಟ್ಜ್ ಕಡ್ಡಿಯ ಹೀಟರ್ ಸದ್ದು ಮಾಡುವುದಿಲ್ಲ, ಬೆಲೆಯೂ ಕಡಿಮೆ. ಆದರೆ ಅದರ ಬೆಳಕು ನಿದ್ದೆಗೆ ಅಡ್ಡಿ. ಸೀರೆಯ ಸೆರಗು, ಹೊದಿಕೆಯ ಅಂಚು ತಾಗಿದರೆ ಬೆಂಕಿ. ಮಧುಮೇಹದಿಂದ ಪಾದದ ಸ್ಪರ್ಶ ಮಂದವಾದವರಿಗೆ ಕಾಲು ಸುಡುತ್ತಿರುವುದೇ ತಿಳಿಯದು. ಗಾಳಿ ಬೀಸುವ ಹೀಟರ್ ಬೇಗ ಕಾವು ಕೊಡುತ್ತದೆ. ಆದರೆ ಅದರೊಳಗಿನ ಫ್ಯಾನು ರಾತ್ರಿಯಿಡೀ ಗುಯ್‌ಗುಡುತ್ತದೆ, ಧೂಳೆಬ್ಬಿಸಿ ಉಬ್ಬಸದವರನ್ನು ಕಾಡುತ್ತದೆ. ಎಣ್ಣೆ ತುಂಬಿದ, ಸಾಲುಸಾಲು ರೆಕ್ಕೆಗಳುಳ್ಳ ರೇಡಿಯೇಟರ್ ಹೀಟರಿನಲ್ಲಿ ಫ್ಯಾನಿಲ್ಲ, ಬೆಳಕಿಲ್ಲ. ಕಾಯುವಾಗಲೂ ಆರುವಾಗಲೂ ಲೋಹ ಒಮ್ಮೊಮ್ಮೆ ಟಿಕ್ ಎನ್ನುವುದನ್ನು ಬಿಟ್ಟರೆ ಸದ್ದಿಲ್ಲ. ಒಳಗಿನ ಎಣ್ಣೆ ಉರಿಯುವುದಿಲ್ಲ, ಕಾವನ್ನು ಹಿಡಿದಿಡುವುದಷ್ಟೇ ಅದರ ಕೆಲಸ. ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಬೆಲೆ ಹೆಚ್ಚು, ತೂಕ ಹೆಚ್ಚು, ಕೋಣೆ ಬೆಚ್ಚಗಾಗಲು ಅರ್ಧ ಗಂಟೆಗೂ ಮೀರಿ ಹಿಡಿಯಬಹುದು. ಆದರೂ ಮಲಗುವ ಕೋಣೆಗೆ ಇದೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ.

ಕೊಳ್ಳುವಾಗ ನಾಲ್ಕು ಅಂಶಗಳನ್ನು ನೋಡಬೇಕು. ಐ.ಎಸ್.ಐ. ಗುರುತು ಇರಬೇಕು, ಅದರ ಪರವಾನಗಿ ಸಂಖ್ಯೆ ನಿಜವೇ ಎಂಬುದನ್ನು ಬಿ.ಐ.ಎಸ್. ಕೇರ್ ಆ್ಯಪ್‌ನಲ್ಲಿ ಯಾರಾದರೂ ಪರೀಕ್ಷಿಸಬಹುದು. ಬೇಕಾದ ಕಾವು ಬಂದೊಡನೆ ತಾನೇ ನಿಲ್ಲುವ ಥರ್ಮೋಸ್ಟಾಟ್ ಇರಬೇಕು. ಉರುಳಿ ಬಿದ್ದರೆ ಆರುವ ಸ್ವಿಚ್ಚು ಇರಬೇಕು. ಮಿತಿಮೀರಿ ಕಾದರೆ ವಿದ್ಯುತ್ ಕಡಿಯುವ ವ್ಯವಸ್ಥೆ ಇರಬೇಕು. “ಅರ್ಧ ಕರೆಂಟಿನಲ್ಲಿ ಎರಡು ಪಟ್ಟು ಬಿಸಿ” ಎಂಬ ಜಾಹೀರಾತನ್ನು ನಂಬಬೇಡಿರಿ. ಇಂಥ ಹೀಟರುಗಳಲ್ಲಿ ಸಾವಿರ ವಾಟಿಗೆ ಸಾವಿರ ವಾಟಿನಷ್ಟೇ ಕಾವು. ಬೆಲೆ ಯಾವುದಾದರೂ ಆ ಲೆಕ್ಕ ಬದಲಾಗದು. ಹಾಗೆಯೇ, ವಿದ್ಯುತ್ ಹೀಟರ್ ಕೋಣೆಯ ಆಮ್ಲಜನಕವನ್ನು ಹೀರುತ್ತದೆಂಬ ಭಯವೂ ನಿರಾಧಾರವಾದದ್ದು. ಅಲ್ಲಿ ಏನೂ ಉರಿಯುವುದಿಲ್ಲ. ಬಿಸಿಗಾಳಿಯಲ್ಲಿ ಗಂಟಲು ಒಣಗಿದಂತಾಗುವುದು ನಿಜ. ಪಕ್ಕದಲ್ಲೊಂದು ತಂಬಿಗೆ ಕುಡಿಯುವ ನೀರಿದ್ದರೆ ಸಾಕು.

ಇಷ್ಟೆಲ್ಲ ನೋಡಿ ಕೊಂಡ ಹೀಟರನ್ನೂ ಅಪಾಯಕ್ಕೆ ಒಡ್ಡುವುದು ಹಳೆಯ ಮನೆಯ ವೈರು. ಬೆಂಗಳೂರಿಗೆ ಶಿವನಸಮುದ್ರದಿಂದ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ಈ ಬಡಾವಣೆಗಳ ಹಲವು ಮನೆಗಳಿಗೆ ವೈರು ಎಳೆದದ್ದು ದೀಪಕ್ಕೆ, ಫ್ಯಾನಿಗೆ, ಹೆಚ್ಚೆಂದರೆ ರೇಡಿಯೋಗೆ. ೨೦೦೦ ವಾಟಿನ ಹೀಟರ್ ಸುಮಾರು ೯ ಆಂಪಿಯರ್ ಎಳೆಯುತ್ತದೆ. ಮಂಚದ ಪಕ್ಕದ ಸಣ್ಣ ಸಾಕೆಟ್ಟು ತಾಳುವುದು ೫ ಅಥವಾ ೬ನ್ನು ಮಾತ್ರ. ಕಳೆದ ಚಳಿಗಾಲದಲ್ಲಿ ಚಾಮರಾಜಪೇಟೆಯ ವೃದ್ಧ ದಂಪತಿಯ ಮನೆಗೆ ನಾವು ಹೋಗಿದ್ದೆವು. ಪರದೇಶದಲ್ಲಿರುವ ಮಗ ತಂದೆತಾಯಿಗಳ ಮೇಲಿನ ಅಕ್ಕರೆಯಿಂದ ಒಳ್ಳೆಯ ಹೀಟರನ್ನೇ ಕಳುಹಿಸಿದ್ದ. ದೊಡ್ಡ ಪ್ಲಗ್ಗು ಸಣ್ಣ ಸಾಕೆಟ್ಟಿಗೆ ಹೊಂದದಿರಲು ಅವರು ಎಕ್ಸ್‌ಟೆನ್ಷನ್ ಬೋರ್ಡು ಹಾಕಿ, ವೈರನ್ನು ಜಮಖಾನೆಯ ಕೆಳಗೆ ಹಾಯಿಸಿದ್ದರು. ಬೋರ್ಡು ಕರಗಿ, ಜಮಖಾನೆ ಅಂಗೈಯಗಲ ಕರಕಲಾಗಿತ್ತು. ಅಂದು ಆ ತಾಯಿಗೆ ನಿದ್ದೆ ಬಾರದೆ ಎದ್ದು ಕುಳಿತಿದ್ದುದೇ ಉಳಿಸಿತು. “ಮಗನಿಗೆ ಹೇಳಬೇಡಿ, ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ” ಎಂದರು ಅವರು. ನಮಗೆ ಅನಿಸಿದ್ದು ಇಷ್ಟು: ಹೀಟರ್ ಕಳುಹಿಸುವ ಮಕ್ಕಳು ಅದಕ್ಕೂ ಮೊದಲು ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕಳುಹಿಸಬೇಕು. ಪ್ರತ್ಯೇಕ ವೈರಿನ ೧೬ ಆಂಪಿಯರ್ ಪವರ್ ಪಾಯಿಂಟ್, ಸರಿಯಾದ ಅರ್ಥಿಂಗ್ ಮತ್ತು ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸಾಧನ, ಇವು ಆದ ಮೇಲೆಯೇ ಹೀಟರ್ ಮನೆಗೆ ಬರಲಿ.

ಬಳಸುವ ಕ್ರಮವೂ ಸರಳವಾಗಿರಲಿ. ಮಂಚ, ಪರದೆ, ಪೂಜೆಯ ವಸ್ತ್ರಗಳಿಂದ ಹೀಟರ್ ಮೂರಡಿ ದೂರವಿರಲಿ. ಅದರ ಮೇಲೆ ಬಟ್ಟೆ ಒಣಹಾಕಬಾರದು. ಮಲಗುವ ಒಂದು ಗಂಟೆ ಮೊದಲು ಹಚ್ಚಿ, ಮಲಗುವಾಗ ಆರಿಸಿದರೆ ಹೆಚ್ಚಿನವರಿಗೆ ಅದೇ ಸಾಕಾಗುತ್ತದೆ. ಹೀಗೆ ಮಾಡಿದರೆ ತಿಂಗಳಿಗೆ ೬೦ ಯೂನಿಟ್ ಮೀರದು. ಸಾವಿರ ವಾಟಿನಲ್ಲಿ ನಿತ್ಯ ಆರು ಗಂಟೆ ಎಡೆಬಿಡದೆ ಉರಿಸಿದರೆ ೧೮೦ ಯೂನಿಟ್. ಗೃಹಜ್ಯೋತಿಯ ೨೦೦ ಯೂನಿಟ್ ಮಿತಿಯೊಳಗಿರುವ ಕುಟುಂಬಗಳು ಈ ಲೆಕ್ಕವನ್ನು ಮರೆಯಬಾರದು. ಹಳೆಯ ಮನೆಯ ಹದಿನಾಲ್ಕು ಅಡಿ ಎತ್ತರದ ಸೂರಿನ ಕೋಣೆಯಲ್ಲಿ, ಹತ್ತಡಿ ಸೂರಿನ ಕೋಣೆಗಿಂತ ಕಾಯಿಸಬೇಕಾದ ಗಾಳಿ ಶೇಕಡ ೪೦ರಷ್ಟು ಹೆಚ್ಚು. ಆದುದರಿಂದ ಮನೆಯಲ್ಲಿರುವ ಕೋಣೆಗಳಲ್ಲಿ ಚಿಕ್ಕದನ್ನು ಹಿರಿಯರಿಗೆ ಚಳಿಗಾಲದ ಮಟ್ಟಿಗೆ ಬಿಟ್ಟುಕೊಡುವುದು ಜಾಣತನ. ಹಸುಳೆಯಿರುವ ಕೋಣೆಯನ್ನು ಅತಿಯಾಗಿ ಕಾಯಿಸುವುದೂ ಅಪಾಯವೇ; ಮಗುವಿನ ಕತ್ತು ಬೆವರಿದ್ದರೆ ಹೊದಿಕೆ ತೆಗೆಯಬೇಕು, ಹೀಟರ್ ಆರಿಸಬೇಕು.

ಇಷ್ಟಾದರೂ ಎಲ್ಲಾದರೂ ಕೆಂಡವಿಟ್ಟ ಕೋಣೆಯಲ್ಲಿ ಮಲಗಿದವರಿಗೆ ತಲೆನೋವು, ವಾಕರಿಕೆ, ತಲೆಸುತ್ತು, ಮಂಕು ಕಂಡರೆ, ಅದರಲ್ಲೂ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ಕಂಡರೆ, ಪಿತ್ತವೆಂದು ಕಾಯುತ್ತ ಕೂರಬೇಡಿರಿ. ಬಾಗಿಲು ಕಿಟಕಿ ತೆರೆದು, ಅವರನ್ನು ಬಯಲಿಗೆ ತಂದು, ೧೦೮ಕ್ಕೆ ಕರೆ ಮಾಡಿರಿ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ವಿಷಾನಿಲ ಸೇರಿದ ನೆತ್ತರನ್ನೂ ಅದು ಸಹಜವೆಂದೇ ತೋರಿಸಬಹುದು.

ಶರಣರು ದೇಹವನ್ನು ಶಿವನ ನೆಲೆಯೆಂದು ಕಂಡವರು. ಆ ನೆಲೆಯನ್ನು ಬೆಚ್ಚಗಿಡುವುದೂ ಒಂದು ಕಾಯಕವೇ. ಈ ಚಳಿಗಾಲದಲ್ಲಿ ಪ್ರತಿಯೊಂದು ಭಕ್ತಕುಟುಂಬವೂ ಒಂದು ಸಂಜೆ ಹಿರಿಯರ ಕೋಣೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಐದು ನಿಮಿಷ ಕುಳಿತು ನೋಡಲಿ: ನೆಲ ಎಷ್ಟು ತಣ್ಣಗಿದೆ, ಕಿಟಕಿ ತೆರೆಯುತ್ತದೆಯೇ, ಸಾಕೆಟ್ಟು ಬಿಸಿಯಾಗಿದೆಯೇ, ಮಂಚದ ಕೆಳಗೆ ಏನಿದೆ? ಅಗ್ಗಿಷ್ಟಿಕೆ ಕಂಡರೆ ಅದನ್ನು ಆ ರಾತ್ರಿಯೇ ಅಂಗಳಕ್ಕೆ ಒಯ್ಯಿರಿ. ಹೀಟರಿನ ವಿಚಾರ ಮರುದಿನ ಮಾತಾಡಬಹುದು.